ಸಡಿಲಗೊಂಡ ಸರಪಳಿ

ನನ್ನ ಹತ್ತಿರ ಕಾರಿಲ್ಲ; ಓಡಿಸಲಿಕ್ಕೂ ಬರುವುದಿಲ್ಲ. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳುತ್ತ ಬಂದವಳು ನಾನು. ಓದಿದ್ದು ಬಿ.ಎ., ಬಿ.ಇಡ್. ಅಂಥವಳು ಜರ್ಮನಿಯ ಒಂದು ಹಳೆಯ ಕಾರಿನ ಹೊಟ್ಟೆಯೊಳಗಿನ ಸರಪಳಿಯ ಬಗ್ಗೆ ಬರೆಯಹೊರಟರೆ ನಗುವವರು ನಗಲಿ. ಆದರೆ ನಾನು ಗ್ಯಾರೇಜಿನಲ್ಲಿ ಬೆಳೆದ ಹುಡುಗಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತೀರ್ಥಹಳ್ಳಿಯಲ್ಲಿ ಅಪ್ಪಯ್ಯನದೊಂದು ಸಣ್ಣ ಗ್ಯಾರೇಜಿತ್ತು. ಹೆಂಚಿನ ಮಾಡು, ಕಾರಿನ ಅಡಿಗೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಗೋಡೆಗೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ಬರುತ್ತಿದ್ದುದು ಅಂಬಾಸಿಡರ್, ಫಿಯಟ್, ತೋಟದವರ ಜೀಪು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಒಂದು ಎಣ್ಣೆ ಡಬ್ಬಿಯನ್ನು ಬೋರಲು ಹಾಕಿಕೊಂಡು ಕುಳಿತು ಓದಿಕೊಳ್ಳುತ್ತಿದ್ದೆ. ಅಪ್ಪಯ್ಯ ಬಾನೆಟ್ ಎತ್ತುವ ಮೊದಲು ಕಿವಿ ಕೊಡುತ್ತಿದ್ದರು. "ಇದು ಏನು ಸದ್ದು ಹೇಳು, ಮಗಾ" ಎಂದು ನನ್ನನ್ನೂ ಕೇಳುವರು. ಟ್ಯಾಪೆಟ್ ಆದರೆ ಹಲ್ಲಿ ಲೊಚಗುಟ್ಟಿದ ಹಾಗೆ. ಬೇರಿಂಗ್ ಆದರೆ ದೂರದಲ್ಲಿ ಒನಕೆ ಕುಟ್ಟಿದ ಹಾಗೆ. ಟೈಮಿಂಗ್ ಚೈನು ಸಡಿಲವಾಗಿದ್ದರೆ ತಗಡಿನ ಡಬ್ಬಿಗೆ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಆ ಪಾಠ ಯಾವ ಪರೀಕ್ಷೆಗೂ ಬರಲಿಲ್ಲವಾದ್ದರಿಂದಲೋ ಏನೋ, ಇಂದಿಗೂ ಮರೆತಿಲ್ಲ.

2023ರ ಬೇಸಿಗೆ ರಜೆಯಲ್ಲಿ ಮಗನ ಮನೆಗೆ ಹೋಗಿದ್ದೆ. ಅವನಿರುವುದು ಸ್ಟುಟ್‌ಗಾರ್ಟ್ ನಗರಕ್ಕೆ ಉತ್ತರದಲ್ಲಿ, ಲುಡ್ವಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಶ್ವಾಬಿಯನ್ ಸೀಮೆ ಅದು. ಅಲ್ಲಿನವರು ಕೆಲಸಗಾರರು, ಕೈ ಬಿಗಿ, ಶಿಸ್ತಿನವರು ಎಂದು ಉಳಿದ ಜರ್ಮನರೇ ಗೇಲಿ ಮಾಡುತ್ತಾರಂತೆ. ಮೆಟ್ಟಿಲು ಗುಡಿಸುವ ಸರದಿ ಈ ವಾರ ಯಾರದು ಎಂದು ಬಾಗಿಲಿಗೆ ಹಲಗೆ ತೂಗುಹಾಕುತ್ತಾರೆ. ಭಾನುವಾರ ಮೊಳೆ ಹೊಡೆದರೆ ನೆರೆಯವರು ಬಂದು ಕೇಳುತ್ತಾರೆ. ಅಂಥ ನಿಶ್ಶಬ್ದದ ಊರಿನಲ್ಲಿ ಒಂದು ಬೆಳಗ್ಗೆ ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೆಳಗೆ ಪಕ್ಕದ ಮನೆಯ ಹಿರಿಯರು ತಮ್ಮ ಹಳೆಯ ಕಾರನ್ನು ಚಾಲೂ ಮಾಡಿದರು. ಎಪ್ಪತ್ತೆಂಟು ವರ್ಷದ ಮನುಷ್ಯ. ಕಾರು ಕಪ್ಪೆ ಕುಳಿತ ಹಾಗೆ ತಗ್ಗಾಗಿ, ದುಂಡಗೆ, ಹಸಿರು ಬಣ್ಣದ್ದು. ಎಂಜಿನ್ ಇದ್ದುದು ಹಿಂದೆ. ಅಲ್ಲಿಂದ ಬಂತು, ಹುಣಸೆ ಬೀಜದ ಸದ್ದು. ಕೆಲವು ಕ್ಷಣ ಮಾತ್ರ, ಆಮೇಲೆ ಅಡಗಿತು.

"ಅದರ ಟೈಮಿಂಗ್ ಚೈನು ಸಡಿಲ ಆಗಿದೆ ಕಣೋ" ಎಂದೆ ಮಗನಿಗೆ.

ಅವನು ನಕ್ಕ. "ಅಮ್ಮಾ, ಅದು ಪೋರ್ಷೆ. ನಮ್ಮ ಅಜ್ಜನ ಗ್ಯಾರೇಜಿನ ಅಂಬಾಸಿಡರ್ ಅಲ್ಲ."

ಆದರೂ ಸಂಜೆ ಅವರ ಹತ್ತಿರ ಮಾತಿಗೆ ಮಾತು ಬಂದಾಗ ಹೇಳಿದನಂತೆ, ನಮ್ಮಮ್ಮ ಹೀಗೆ ಅನ್ನುತ್ತಾರೆ ಎಂದು. ಆ ಹಿರಿಯರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತರಂತೆ. "ನನಗೆ ಮೂರು ವಾರದಿಂದ ಕೇಳಿಸುತ್ತಿದೆ. ಕೇಳಿಸಲಿಲ್ಲ ಅಂದುಕೊಂಡು ಓಡಿಸುತ್ತಿದ್ದೆ" ಎಂದರಂತೆ. ನನಗೆ ಆ ಕಾರಿನ ಚರಿತ್ರೆ ತಿಳಿಯಬೇಕೆನಿಸಿದ್ದು ಈ ಮಾತಿನಿಂದ.

ಮೊದಲು ಸರಪಳಿಯ ಕೆಲಸವೇನು ಎಂದು ಹೇಳಬೇಕು, ನನ್ನಂಥವರಿಗೆ ಅರ್ಥವಾಗುವ ಮಟ್ಟಿಗೆ. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಹೋಗಿ ಬರುತ್ತಿರುತ್ತದೆ. ಸಿಲಿಂಡರಿನ ತಲೆಯಲ್ಲಿ ಎರಡು ಬಾಗಿಲುಗಳಿವೆ, ಅವೇ ವಾಲ್ವುಗಳು. ಒಂದರಿಂದ ಗಾಳಿ, ಪೆಟ್ರೋಲು ಒಳಗೆ ಬರಬೇಕು, ಇನ್ನೊಂದರಿಂದ ಹೊಗೆ ಹೊರಗೆ ಹೋಗಬೇಕು. ಈ ಬಾಗಿಲುಗಳನ್ನು ತಳ್ಳಿ ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ಸರಳು. ಪಿಸ್ಟನ್ನಿನ ಚಲನೆಗೂ ಬಾಗಿಲು ತೆರೆಯುವ ವೇಳೆಗೂ ತಾಳ ತಪ್ಪಬಾರದು. ಎಂಜಿನ್ ನಿಮಿಷಕ್ಕೆ 6000 ಸುತ್ತು ಸುತ್ತುವಾಗ ಕ್ಯಾಮ್‌ಶಾಫ್ಟ್ ಅದರ ಅರ್ಧ, ಎಂದರೆ 3000 ಸುತ್ತು. ಒಂದೊಂದು ಬಾಗಿಲೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಆ ತಾಳ ಹಿಡಿದಿರುವುದು ಸರಪಳಿ. ಅದು ಸಡಿಲವಾಗಿ ಹಲ್ಲುಚಕ್ರದ ಮೇಲೆ ಒಂದೆರಡು ಹಲ್ಲು ಜಿಗಿದರೆ, ಬಾಗಿಲು ಇನ್ನೂ ತೆರೆದಿರುವಾಗಲೇ ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತದೆ. ವಾಲ್ವು ಬಾಗುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಇಂಥ ಸರಪಳಿಯ ಮೂಲ ಪುರುಷ ಹಾನ್ಸ್ ರೆನಾಲ್ಡ್. ಸ್ವಿಟ್ಜರ್ಲೆಂಡಿನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ನೆಲೆಸಿದವನು. ಬಟ್ಟೆ ಗಿರಣಿಗಳಿಗೆ ಸರಪಳಿ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಕೊಂಡು, 1880ರಲ್ಲಿ ಉರುಳೆಗಳುಳ್ಳ ಸರಪಳಿಯನ್ನು ರೂಪಿಸಿದ. ಸೈಕಲ್ಲು ಓಡುತ್ತಿರುವುದು ಅದರಿಂದಲೇ. ನಮ್ಮ ನೇಕಾರರ ಮಗ್ಗಗಳನ್ನು ಮೂಲೆಗೆ ತಳ್ಳಿದ ಮ್ಯಾಂಚೆಸ್ಟರ್ ಗಿರಣಿಗಳ ಬಗ್ಗೆ ವರ್ಷ ವರ್ಷ ಪಾಠ ಮಾಡುವ ನನಗೆ, ಸೈಕಲ್ ಚೈನಿನ ಹುಟ್ಟೂರೂ ಅದೇ ಎಂಬುದು ಅಲ್ಲಿಯ ತನಕ ಗೊತ್ತಿರಲಿಲ್ಲ.

ಅಂಬಾಸಿಡರಿನ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕೆಳಗೆ, ಕ್ರ್ಯಾಂಕಿನ ಪಕ್ಕದಲ್ಲೇ. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಕ್ಕೆ ಹೋಗಿ ವಾಲ್ವುಗಳನ್ನು ತೆರೆಯುತ್ತವೆ. ಆದ್ದರಿಂದ ಸರಪಳಿ ಗಿಡ್ಡ. ಸ್ಟುಟ್‌ಗಾರ್ಟಿನ ಪೋರ್ಷೆ ಕಾರ್ಖಾನೆಯ ಮೊದಲ ಕಾರು 356ರಲ್ಲಿಯೂ ಇಂಥ ಕಡ್ಡಿಗಳೇ ಇದ್ದವು. ಅದು ಫೋಕ್ಸ್‌ವ್ಯಾಗನ್ ಎಂಜಿನ್ನಿನ ವಂಶದ್ದು, ಅಲ್ಲಿ ಸರಪಳಿಯೂ ಇಲ್ಲ, ಗೇರಿಗೆ ಗೇರು. ಅದರ ಉತ್ತರಾಧಿಕಾರಿಯನ್ನು 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮೇಳದಲ್ಲಿ ತೋರಿಸಿದರು. ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತಮ್ಮದೆಂದು ಫ್ರಾನ್ಸಿನ ಪ್ಯೂಜೋ ಕಂಪನಿಯವರು ತಕರಾರು ತೆಗೆದದ್ದರಿಂದ 1964ರಲ್ಲಿ ಅದು 911 ಆಯಿತು.

ಆ ಕಾರಿಗೆ ಆರು ಸಿಲಿಂಡರಿನ ಹೊಸ ಎಂಜಿನ್ ಬಂತು. ಮೂರು ಸಿಲಿಂಡರು ಈ ಕಡೆ, ಮೂರು ಆ ಕಡೆ, ಅಂಗಾತ ಮಲಗಿದಂತೆ; ತಂಪು ಮಾಡಲು ನೀರಲ್ಲ, ಗಾಳಿ. ಅದನ್ನು ಆಗುಮಾಡಿದವರಲ್ಲಿ ಎರಡು ಹೆಸರು ಮುಖ್ಯ: ಸಂಸ್ಥಾಪಕರ ಮೊಮ್ಮಗ ಫರ್ಡಿನಾಂಡ್ ಪೀಎಖ್, ಮತ್ತು ಹಾನ್ಸ್ ಮೆಟ್ಸ್‌ಗರ್ ಎಂಬ ಇಂಜಿನಿಯರ್. ಮೊದಲು ಕಡ್ಡಿಗಳ ಎಂಜಿನ್ನನ್ನೇ ಮಾಡಿ ನೋಡಿದರು. ವೇಗ ಸಾಲದೆಂದು, ಕ್ಯಾಮ್‌ಶಾಫ್ಟನ್ನೇ ಎರಡೂ ಕಡೆಯ ಸಿಲಿಂಡರ್ ತಲೆಗಳ ಮೇಲೆ ಕೂರಿಸಿದರು. ಈ ಬದಲಾವಣೆಯಿಂದಲೇ 2 ಲೀಟರಿನ ಎಂಜಿನ್ 130 ಅಶ್ವಶಕ್ತಿ ಕೊಟ್ಟಿತು. ಓಟದ ಪಂದ್ಯಗಳಿಗೂ ಒಗ್ಗಿತು. ಆದರೆ ಕ್ಯಾಮ್‌ಶಾಫ್ಟ್ ದೂರವಾಯಿತಲ್ಲ, ಒಂದೊಂದು ಕಡೆಗೂ ಒಂದೊಂದು ಉದ್ದನೆಯ ಜೋಡಿಸಾಲಿನ ಸರಪಳಿ ಬೇಕಾಯಿತು.

ಉದ್ದ ಸರಪಳಿ ಜೋಲುತ್ತದೆ. ನಾವು ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿ ಜೋತುಬಿದ್ದರೆ ನಡುವೆ ಒಂದು ಕವೆಗೋಲು ಕೊಟ್ಟು ಎತ್ತುತ್ತೇವೆ. ಎಂಜಿನ್ನಿನಲ್ಲಿ ಆ ಕವೆಗೋಲಿನ ಹೆಸರು ಚೈನ್ ಟೆನ್ಷನರ್. (ನಮ್ಮಲ್ಲಿ ಟೆನ್ಷನ್ ಎಂದರೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಹಿಂದಿನ ರಾತ್ರಿಯ ಅವಸ್ಥೆ. ಅಲ್ಲಿ ಅದು ಇಲ್ಲದಿದ್ದರೇ ಅಪಾಯ.) ಬೆರಳುದ್ದದ ಒಂದು ಉರುಟು ಕೊಳವೆ, ಅದರೊಳಗೆ ಒಂದು ದಂಡ, ಅಡಿಯಲ್ಲಿ ಸ್ಪ್ರಿಂಗು. ದಂಡವು ಒಂದು ತೋಳನ್ನು ಒತ್ತುತ್ತದೆ. ತೋಳಿನ ತುದಿಯ ಹಲ್ಲುಚಕ್ರ ಸರಪಳಿಯನ್ನು ಒತ್ತಿ ಬಿಗಿ ಹಿಡಿಯುತ್ತದೆ. ಬರೀ ಸ್ಪ್ರಿಂಗಾದರೆ ಸರಪಳಿಯ ಹೊಡೆತಕ್ಕೆ ಕುಣಿಯುತ್ತದೆ. ಅದಕ್ಕಾಗಿ ಕೊಳವೆಯೊಳಗೆ ಸ್ವಲ್ಪ ಎಣ್ಣೆ. ದಂಡ ಮೇಲೇರಿದಾಗ ಎಣ್ಣೆ ಅದರ ಅಡಿಗೆ ಸೇರುತ್ತದೆ. ಹಿಂದಕ್ಕೆ ಬರಲು ಹೊರಟರೆ ಒಂದು ಸಣ್ಣ ಗುಂಡು ದಾರಿ ಮುಚ್ಚುತ್ತದೆ. ಎಣ್ಣೆ ತಡೆಯುತ್ತದೆ, ದಂಡ ಇಳಿಯುವುದಿಲ್ಲ.

ತಪ್ಪು ಇದ್ದುದು ಆ ಎಣ್ಣೆಯಲ್ಲಿ. ಅದು ಎಂಜಿನ್ನಿನ ಎಣ್ಣೆಯಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತುಂಬಿ ಸೀಲು ಹಾಕಿದ್ದು, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದ ಹಾಗೆ. ಕಾಯುವುದು, ಆರುವುದು, ಮತ್ತೆ ಕಾಯುವುದು. ವರ್ಷಗಳ ಮೇಲೆ ಸೀಲಿನ ರಬ್ಬರು ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ. ಹೋದ ಎಣ್ಣೆಯ ಜಾಗದಲ್ಲಿ ಗಾಳಿ ಕೂರುತ್ತದೆ. ಒಂದು ದಿನ ದಂಡ ಕುಸಿಯುತ್ತದೆ. ಕುಸಿಯುವ ಮೊದಲು ಎಚ್ಚರಿಕೆ ಎಂದರೆ ಬೆಳಗಿನ ಆ ಹುಣಸೆ ಬೀಜದ ಸದ್ದು; ಎಲ್ಲ ಸಲವೂ ಅದೂ ಇರುವುದಿಲ್ಲ. ಹೊರಗೆ ನೋಡಿದರೆ ಸುತ್ತಲೂ 13 ಲೀಟರಿನಷ್ಟು ಎಣ್ಣೆ ಪಂಪಿನ ಒತ್ತಡದಲ್ಲಿ ಓಡಾಡುತ್ತಿರುವ ಎಂಜಿನ್ನು. ಅದರ ಮಧ್ಯೆ ಎರಡು ಸಣ್ಣ ಕೊಳವೆಗಳು ತಮ್ಮ ಗುಟುಕು ಎಣ್ಣೆಗಾಗಿ ಬಾಯಾರಿ ಸಾಯುತ್ತಿದ್ದವು. ಹೊಳೆಯ ದಂಡೆಯಲ್ಲಿದ್ದು ಕೊಡದ ನೀರು ತೀರಿತೆಂದು ಅಳುವ ಮನೆಯ ಕತೆ.

ಹಾಗಾದರೆ ಕಾರ್ಖಾನೆಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಳವೆಯ ರಚನೆಯನ್ನು ಅರವತ್ತು, ಎಪ್ಪತ್ತರ ದಶಕಗಳಲ್ಲಿ ತಿದ್ದುತ್ತಲೇ ಬಂದರು. 1980ರ ಮಾದರಿಗೆ ತೋಳಿನ ಬುಡವನ್ನು ಅಗಲ ಮಾಡಿದರು. ಕಿರಿದಾದ ಹಳೆಯ ಬುಡ ಸರಳಿಗೆ ಕಚ್ಚಿಕೊಂಡು ತೋಳು ಸರಾಗ ಆಡದಿದ್ದರೆ ಅದರ ಪೆಟ್ಟೂ ಟೆನ್ಷನರಿಗೇ ಬೀಳುತ್ತಿತ್ತು. ಇವೆಲ್ಲ ತೇಪೆಗಳು. ಸೀಲು ಹಾಕಿದ ಜಾಡಿ ಮಾತ್ರ ಹಾಗೆಯೇ ಉಳಿಯಿತು. ಪಂದ್ಯದ ಕಾರುಗಳಿಗೆ ಎಣ್ಣೆಯೇ ಇಲ್ಲದ, ಕೈಯಿಂದ ತಿರುಗಿಸಿ ಬಿಗಿಮಾಡುವ ಟೆನ್ಷನರ್ ಹಾಕುತ್ತಿದ್ದರು. ಪಂದ್ಯದ ಕಾರಿಗೆ ಬೆನ್ನ ಹಿಂದೆ ನಾಲ್ಕು ಜನ ಮೆಕ್ಯಾನಿಕ್ಕುಗಳಿರುತ್ತಾರೆ. ಕೊಂಡು ಓಡಿಸುವವರ ಹಿಂದೆ ಯಾರಿದ್ದಾರೆ? ಅವರಲ್ಲಿ ಕೆಲವರು ಬಿಡಿ ಗ್ಯಾರೇಜಿನವರ ಬಳಿ ಹೋಗಿ ಒಂದು ಉಪಾಯ ಮಾಡಿಸಿಕೊಂಡರು. ದಂಡದ ಕುತ್ತಿಗೆಗೆ ಎರಡು ಹೋಳಿನ ಒಂದು ಕಬ್ಬಿಣದ ಪಟ್ಟಿ ಬಿಗಿಯುವುದು. ಎಣ್ಣೆ ಸೋರಿ ದಂಡ ಕುಸಿದರೂ ಪಟ್ಟಿಯ ತನಕ ಮಾತ್ರ ಕುಸಿದೀತು, ಸರಪಳಿ ಜಿಗಿಯುವಷ್ಟು ಸಡಿಲವಾಗದು. ಕಾಯಿಲೆಗೆ ಔಷಧವಲ್ಲ, ಕುತ್ತಿಗೆಗೆ ಕಟ್ಟಿದ ತಾಯತ. ಆದರೆ ಈ ತಾಯತಕ್ಕೆ ಶಕ್ತಿಯಿತ್ತು; ಎಷ್ಟೋ ಎಂಜಿನ್ನುಗಳು ಅದರಿಂದ ಉಳಿದವು.

ತೇಪೆಯಲ್ಲೇ ಕಾಲ ಕಳೆದದ್ದಕ್ಕೆ ನನಗೆ ತೋರುವ ಕಾರಣ ಬೇರೆ ಕಡೆಯಿದೆ. 1972ರಿಂದ ಕಂಪನಿಯ ಚುಕ್ಕಾಣಿ ಹಿಡಿದಿದ್ದವರು ಅರ್ನ್ಸ್ಟ್ ಫೂರ್ಮಾನ್. ಅವರೇನೂ ಎಂಜಿನ್ ತಿಳಿಯದವರಲ್ಲ. ಐವತ್ತರ ದಶಕದಲ್ಲಿ ಪಂದ್ಯದ ಕಾರಿಗೆ ನಾಲ್ಕು ಕ್ಯಾಮ್‌ಶಾಫ್ಟುಗಳ ಎಂಜಿನ್ ರಚಿಸಿ ಹೆಸರು ಮಾಡಿದವರು, ಅದೂ ಸರಪಳಿಯ ಹಂಗಿಲ್ಲದೆ, ಸರಳು ಮತ್ತು ಗೇರುಗಳಿಂದ. 911 ಇನ್ನು ಮುದುಕಾಯಿತು, ಮುಂದಿನ ಕಾಲ 928ರದು ಎಂದು ಅವರು ನಂಬಿದ್ದರು. ಮುಂದೆ ಎಂಜಿನ್, ಎಂಟು ಸಿಲಿಂಡರು, ನೀರಿನ ತಂಪು. 1977ರಲ್ಲಿ ಜಿನೀವಾದಲ್ಲಿ ಅದು ಹೊರಬಂತು. 1978ರ ಯುರೋಪಿನ ವರ್ಷದ ಕಾರೂ ಆಯಿತು. ಅದರ ಕ್ಯಾಮ್‌ಶಾಫ್ಟ್ ತಿರುಗಿಸಲು ಹಲ್ಲುಳ್ಳ ರಬ್ಬರ್ ಬೆಲ್ಟು. ಹೀಗೆ ಮನೆಯ ಯಜಮಾನರೇ ಮುದುಕನ ದಿನ ಎಣಿಸುತ್ತಿರುವಾಗ ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸುವವರು ಯಾರು? ಆದರೆ ಇನ್ನೊಂದು ಕಡೆ, 1976ರ ಮಾದರಿಯಿಂದ ಆ ಕಾರಿನ ಮೈಗೆಲ್ಲ ಸತುವಿನ ಲೇಪ ಕೊಡತೊಡಗಿದ್ದರು. ತುಕ್ಕು ಹಿಡಿಯದ ಶರೀರ, ಸೋರುವ ಕೀಲು. ಒಂದೇ ಕಾರ್ಖಾನೆಯ ಎರಡು ಕೈ.

1981ರಲ್ಲಿ ಪೀಟರ್ ಶುಟ್ಸ್ ಬಂದರು. ಅವರ ಕತೆಯನ್ನು ಹೇಳದೆ ಇರಲಾರೆ. ಬರ್ಲಿನ್ನಿನ ಯಹೂದಿ ಮನೆತನದಲ್ಲಿ 1930ರಲ್ಲಿ ಹುಟ್ಟಿದವರು. ಹಿಟ್ಲರನ ಕಾಲದಲ್ಲಿ ತಂದೆ ತಾಯಿಯೊಂದಿಗೆ ದೇಶ ಬಿಟ್ಟು, ಕೊನೆಗೆ ಅಮೆರಿಕೆಯಲ್ಲಿ ಬೆಳೆದು ಇಂಜಿನಿಯರ್ ಆದರು. ಈ ಕಂಪನಿಯ ಸಂಸ್ಥಾಪಕ ಫರ್ಡಿನಾಂಡ್ ಪೋರ್ಷೆಯಾದರೋ ಹಿಟ್ಲರನ ಬಯಕೆಯ ಜನರ ಕಾರನ್ನು ರಚಿಸಿಕೊಟ್ಟವರು. ಓಡಿಹೋದ ಹುಡುಗ ನಲವತ್ತು ವರ್ಷದ ಮೇಲೆ ಬಂದು ಅದೇ ಮನೆಯ ಯಜಮಾನಿಕೆಯ ಕುರ್ಚಿಯಲ್ಲಿ ಕುಳಿತದ್ದು ಇತಿಹಾಸದ ಪಾಠಕ್ಕೆ ಸೇರಬೇಕಾದ ಸಂಗತಿ. ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಹೆಲ್ಮುಟ್ ಬೊಟ್ ಅವರ ಕೋಣೆಗೆ ಶುಟ್ಸ್ ಒಮ್ಮೆ ಹೋದಾಗ ಗೋಡೆಯ ಮೇಲೊಂದು ನಕ್ಷೆಯಿತ್ತಂತೆ. 928, 944 ಕಾರುಗಳ ಗೆರೆಗಳು ಮುಂದಿನ ವರ್ಷಗಳಿಗೆ ಹರಿದಿದ್ದವು. 911ರ ಗೆರೆ 1981ರ ಕೊನೆಗೆ ನಿಂತಿತ್ತು. ಶುಟ್ಸ್ ಎದ್ದು ಕಪ್ಪು ಮಾರ್ಕರ್ ಪೆನ್ನು ತೆಗೆದುಕೊಂಡು ಆ ಗೆರೆಯನ್ನು ನಕ್ಷೆಯ ಅಂಚಿನ ಆಚೆಗೂ ಎಳೆದುಬಿಟ್ಟರಂತೆ. ಇದು ಅವರೇ ಮುಂದೆ ಹೇಳಿಕೊಂಡ ಕತೆ. ತಮ್ಮ ಕತೆಯನ್ನು ತಾವೇ ಹೇಳುವವರ ಮಾತನ್ನು ಒಂದು ಚಿಟಿಕೆ ಕಡಿಮೆ ನಂಬಬೇಕೆಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಆದರೆ ಕಾರು ಉಳಿದದ್ದಂತೂ ನಿಜ.

ಉಳಿಯುತ್ತದೆಂದು ಗೊತ್ತಾದ ಮೇಲೆ ಕೀಲಿನ ಕಡೆಗೆ ಕಣ್ಣು ಹೋಯಿತು. 1984ರ ಮಾದರಿಯ ಕರೆರಾ 3.2 ಎಂಬ ಕಾರಿನಲ್ಲಿ ಹೊಸ ಟೆನ್ಷನರ್ ಬಂತು. ಇದರೊಳಗೂ ಸ್ಪ್ರಿಂಗು, ದಂಡ ಎಲ್ಲ ಹಾಗೆಯೇ. ವ್ಯತ್ಯಾಸ ಇಷ್ಟೆ: ಕ್ಯಾಮ್‌ಶಾಫ್ಟಿಗೆ ಎಣ್ಣೆ ಒಯ್ಯುವ ನಳಿಗೆಯಿಂದ ಒಂದು ಸಣ್ಣ ಕವಲು ತೆಗೆದು ಟೆನ್ಷನರಿಗೆ ಕೊಟ್ಟರು. ಎಂಜಿನ್ ಓಡುವಷ್ಟು ಹೊತ್ತೂ ಪಂಪಿನ ಎಣ್ಣೆ ಅದಕ್ಕೆ ಬರುತ್ತಿರುತ್ತದೆ. ತುಸು ಸೋರಿದರೆ ಸೋರಲಿ, ಹಿಂದಿನಿಂದ ಬಂತಲ್ಲ. ನಮ್ಮ ಮಲೆನಾಡಿನಲ್ಲಿ ಕೊಡ ತುಂಬಿಟ್ಟುಕೊಳ್ಳುವ ಮನೆಗೂ, ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆ ಹಾಕಿಸಿಕೊಂಡ ಮನೆಗೂ ಇರುವಷ್ಟೇ ವ್ಯತ್ಯಾಸ. ಇಪ್ಪತ್ತು ವರ್ಷ ಬೇಕಾಯಿತು ಆ ದಂಬೆಗೆ. ಹಳೆಯ ಕಾರಿನವರಿಗೂ ಕೂರಿಸಿಕೊಳ್ಳಲು ಬರುವಂತೆ ಎರಡು ಟೆನ್ಷನರ್, ಎಣ್ಣೆ ನಳಿಗೆಗೆ ತೂತಿರುವ ಹೊಸ ಮುಚ್ಚಳಗಳು, ನಳಿಗೆಗಳು ಸೇರಿದ ಜೋಡಣೆಯ ಸೆಟ್ಟು ಸಿಗತೊಡಗಿತು. 1980ಕ್ಕಿಂತ ಹಿಂದಿನ ಕಾರಾದರೆ ಅಗಲ ಬುಡದ ತೋಳುಗಳನ್ನೂ ಕೊಳ್ಳಬೇಕು.

ಪಕ್ಕದ ಮನೆಯವರ ಕಾರು 911 ಎಸ್‌ಸಿ, 1979ರದು. 1991ರಲ್ಲಿ ಯಾರಿಂದಲೋ ಕೊಂಡದ್ದು. ಆ ಹಿಂದಿನ ಮಾಲೀಕರು ಟೆನ್ಷನರ್ ಬದಲಾಯಿಸಿದ್ದೇವೆ ಎಂದಿದ್ದರಂತೆ, ಇವರೂ ನಂಬಿದರು. ಬಿಚ್ಚಿ ನೋಡಿರಲಿಲ್ಲ. ಈಗ ನಂಬಿಕೆಯ ಸದ್ದು ಕೇಳಿಸುತ್ತಿತ್ತು. ಸೆಟ್ಟಿನ ಬೆಲೆ ನನ್ನ ಎರಡು ತಿಂಗಳ ಸಂಬಳದ ಆಚೀಚೆ. ಅವರ ಹೆಂಡತಿ, "ತಾಯತ ಕಟ್ಟಿದರೆ ಸಾಕು, ನಾವಿನ್ನು ಎಷ್ಟು ವರ್ಷ ಓಡಿಸುತ್ತೇವೆ" ಎಂದರಂತೆ. (ತಾಯತ ಎಂಬುದು ನನ್ನ ಅನುವಾದ.) ಮಗ ನನ್ನ ಕಡೆ ನೋಡಿದ. ಹೆಂಗಸರ ಮಾತಿಗೆ ಹೆಂಗಸೇ ಅಡ್ಡ ಹೇಳಬೇಕಾಗಿ ಬಂತು. "ಕಾರಿನ ಆಯುಷ್ಯ ನಿಮ್ಮ ಆಯುಷ್ಯದ ಲೆಕ್ಕದಲ್ಲಿ ಇಲ್ಲವಲ್ಲ" ಎಂದೆ. ಮಗ ಅದನ್ನು ಜರ್ಮನ್‌ಗೆ ಎಷ್ಟು ನಯ ಮಾಡಿ ಹೇಳಿದನೋ ಕಾಣೆ, ಆಕೆ ನಕ್ಕು ನನಗೆ ಕೇಕು ಕೊಟ್ಟರು.

ಮೂರು ಶನಿವಾರ ಕೆಲಸ ನಡೆಯಿತು. ನನ್ನ ಮಗ ಸಹಾಯಕ್ಕೆ. ನಾನು ಒಂದು ಮಡಚುವ ಕುರ್ಚಿ ಹಾಕಿಕೊಂಡು ಪ್ರೇಕ್ಷಕಿ. ಎಂಜಿನ್ನನ್ನು ಇಳಿಸಲಿಲ್ಲ. ಸರಪಳಿಯ ಪೆಟ್ಟಿಗೆಗಳು ಹಿಂಬದಿಯಲ್ಲೇ ಇವೆ. ಸೈಲೆನ್ಸರು, ತಗಡುಗಳನ್ನು ಕಳಚಿದರೆ ಕೈಗೆ ಸಿಗುತ್ತವೆ. ಕಳಚುವುದೇ ಕಷ್ಟ. ಮೊದಲ ಶನಿವಾರವೆಲ್ಲ ಸೈಲೆನ್ಸರಿನ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಡುವುದು, ಕಾಯಿಸುವುದು, ಕಾಯುವುದು. ಒಂದು ಬೋಲ್ಟು ತಲೆ ಮುರಿದೇಬಿಟ್ಟಿತು. ಅಲ್ಲಿಯ ತನಕ ತಣ್ಣಗಿದ್ದ ಆ ಹಿರಿಯರು ಆಡಿದ ಜರ್ಮನ್ ಮಾತನ್ನು ಮಗ ನನಗೆ ಅನುವಾದಿಸಲಿಲ್ಲ.

ಎರಡನೆಯ ಶನಿವಾರ ಮುಖ್ಯ ಕೆಲಸ. ಒಂದನೆಯ ಸಿಲಿಂಡರಿನ ಪಿಸ್ಟನ್ ಪೂರ್ತಿ ತುದಿಗೆ ಬರುವಂತೆ ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ, ಕ್ರ್ಯಾಂಕಿನ ಚಕ್ರದ ಮೇಲಿರುವ ಗುರುತನ್ನು ಕೂಡಿಸಿದರು. ಆಮೇಲೆ ಒಂದು ಕಡೆ ಮುಗಿಯದೆ ಇನ್ನೊಂದು ಕಡೆ ಮುಟ್ಟಬಾರದು. ಟೆನ್ಷನರ್ ತೆಗೆಯುವಾಗ ಸರಪಳಿ ಸಡಿಲವಾಗಿ ಹಲ್ಲು ಜಿಗಿಯದಂತೆ ಅದನ್ನು ಹಿಡಿಕೆಯಿಂದ ಬಿಗಿದು ಹಿಡಿದಿರಬೇಕು. ಆ ಹಿಡಿಕೆ ಹಿಡಿದವನು ನನ್ನ ಮಗ. ಹುಟ್ಟಿದ ಮಗುವನ್ನು ಮೊದಲ ಸಲ ಎತ್ತಿಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಎಡಗಡೆಯ ಟೆನ್ಷನರ್ ಹೊರಬಂತು. ಹಳೆಯದೇ, ಸೀಲಿನದೇ. ಹಿರಿಯರು ಅದನ್ನು ಒರೆಸಿ ನನ್ನ ಕೈಗೆ ಕೊಟ್ಟು, ಒತ್ತಿ ನೋಡಿ ಎಂದು ಸನ್ನೆ ಮಾಡಿದರು. ಸರಿಯಿರುವುದನ್ನು ಇಳಿಸಬೇಕಾದರೆ ವೈಸಿಗೆ ಕೊಟ್ಟು ನಿಧಾನವಾಗಿ ಒತ್ತಬೇಕಂತೆ. ನನ್ನ ಹೆಬ್ಬೆರಳಿಗೇ ಅದು ಇಳಿಯಿತು, ಹಳೆಯ ಕಾಲಿಂಗ್ ಬೆಲ್ಲಿನ ಗುಂಡಿಯ ಹಾಗೆ. ಸರಪಳಿಯನ್ನು ಟಾರ್ಚು ಹಿಡಿದು ಕೊಂಡಿ ಕೊಂಡಿಯಾಗಿ ನೋಡಿದರು. ಅದಕ್ಕೇನೂ ಆಗಿರಲಿಲ್ಲ.

ಮೂರನೆಯ ಶನಿವಾರ ಬಲಗಡೆ ಮುಗಿಸಿ, ನಳಿಗೆ ಜೋಡಿಸಿ, ಮುಚ್ಚಳ ಹಾಕುವ ಮೊದಲು ಹೊಸ ಟೆನ್ಷನರುಗಳ ತಂತಿ ಕೀಲನ್ನು ಎಳೆದರು. ಕಾರ್ಖಾನೆಯಿಂದ ಬರುವಾಗ ದಂಡವನ್ನು ಒತ್ತಿ ಆ ಕೀಲು ಹಾಕಿರುತ್ತಾರೆ. ಎಳೆದೊಡನೆ ಟಕ್ಕೆಂದು ದಂಡ ಏರಿ ಸರಪಳಿ ಬಿಗಿಯಾಯಿತು. ಆಮೇಲೂ ಕೀಲಿ ತಿರುಗಿಸಲಿಲ್ಲ. ಕೈಯಿಂದಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯಿಲ್ಲವೆಂದು, ವಾಲ್ವು ತೆರೆಯುವ ಅಳತೆ ಸರಿಯಿದೆಯೆಂದು ಮಾಪಕವಿಟ್ಟು ನೋಡಿದರು.

ಇದರ ನಡುವಿನ ಒಂದು ದಿನ ಮಗ ನನ್ನನ್ನು ಸ್ಟುಟ್‌ಗಾರ್ಟಿನ ತ್ಸುಫೆನ್‌ಹೌಸನ್‌ನಲ್ಲಿರುವ ಪೋರ್ಷೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. 2009ರಲ್ಲಿ ತೆರೆದದ್ದು; ಮೂರೇ ಕಂಬಗಳ ಮೇಲೆ ನಿಂತ ಬೆಳ್ಳಗಿನ ದೊಡ್ಡ ಕಟ್ಟಡ. ಗೆದ್ದ ಕಾರುಗಳು, ಬಟ್ಟಲುಗಳು, ರಚನಕಾರರ ಹೆಸರುಗಳು. ಚೆನ್ನಾಗಿದೆ. ಸೋರಿದ ಟೆನ್ಷನರ್ ಮಾತ್ರ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿಯೂ ಕೆರೆ ಕಟ್ಟಿಸಿದ ಅರಸರಿದ್ದಾರೆ, ಹೂಳೆತ್ತಿದವರಿಲ್ಲ. ತಿಳಿದೂ ಇಪ್ಪತ್ತು ವರ್ಷ ಹಾಗೆಯೇ ಮಾರಿದರಲ್ಲ ಎಂದು ವಾಪಸು ಬರುವಾಗ ರೈಲಿನಲ್ಲಿ ಮಗನೆದುರು ಸಿಡುಕಿದೆ. ಸಿಡುಕಿದವಳಿಗೆ ಒಮ್ಮೆಲೇ 1983ನೆಯ ಇಸವಿ ನೆನಪಾಗಿ ಬಾಯಿ ಕಟ್ಟಿತು.

ಆಗ ನನಗೆ ಹದಿಮೂರು ವರ್ಷ. ಮೇ ತಿಂಗಳು, ಮದುವೆಗಳ ಕಾಲ. ನಮ್ಮೂರಿನ ಟ್ಯಾಕ್ಸಿಯವರೊಬ್ಬರು ಬಾಡಿಗೆಯ ಮಧ್ಯೆ ಗ್ಯಾರೇಜಿಗೆ ಬಂದರು. ಸಾಲದ ಮೇಲೆ ಕೊಂಡ ಅಂಬಾಸಿಡರು. ಚಾಲೂ ಮಾಡಿದರು. ಹುಣಸೆ ಬೀಜ. ನಾನು ಅಪ್ಪಯ್ಯನ ಮುಖ ನೋಡಿದೆ, ಅಪ್ಪಯ್ಯ ನನ್ನ ಮುಖ ನೋಡಿದರು. ಚೈನು ಬದಲಿಸಬೇಕು, ಶಿವಮೊಗ್ಗದಿಂದ ತರಿಸಬೇಕು, ಮೂರು ನಾಲ್ಕು ದಿನ ಗಾಡಿ ನಿಲ್ಲಬೇಕು. ಟ್ಯಾಕ್ಸಿಯವರು ಕೈ ಮುಗಿದಂತೆ ಮಾಡಿ, "ಈ ವಾರ ಐದು ಮದುವೆ ಒಪ್ಪಿಕೊಂಡಿದ್ದೇನೆ" ಎಂದರು. ಅಪ್ಪಯ್ಯ ಹೇಳಿದ್ದು ಇಷ್ಟು: "ಸರಿ, ಲಗ್ನ ಮುಗೀಲಿ. ಓಡ್ತದೆ."

ಓಡಲಿಲ್ಲ. ಆಗುಂಬೆ ಘಾಟಿ ಹತ್ತುವಾಗ ರಾತ್ರಿ ಚೈನು ತುಂಡಾಯಿತು. ಮದುವೆಯ ದಿಬ್ಬಣದವರು ಮಳೆಯಲ್ಲಿ ತಿರುವಿನಲ್ಲಿ ಕುಳಿತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಡಿ ಎಳೆಸಿ ತಂದು, ಬಿಡಿಭಾಗ ಬರಲು ತಡವಾಗಿ, ಮದುವೆಯ ಕಾಲವೆಲ್ಲ ಕಳೆಯಿತು. ಕಂತು ತಪ್ಪಿತು. ಮಳೆಗಾಲ ಮುಗಿಯುವ ಮೊದಲೇ ಸಾಲ ಕೊಟ್ಟವರು ಕಾರನ್ನು ಒಯ್ದರು. ಆತ ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋದರು ಎಂದು ಕೇಳಿದೆವು. ರಿಪೇರಿಯ ಕೂಲಿಯನ್ನು ಅಪ್ಪಯ್ಯ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಆ ಮಾತು ಮುಂದೆ ಒಮ್ಮೆಯೂ ಬರಲಿಲ್ಲ.

ಕಾರ್ಖಾನೆಗೆ ಲಾಭದ ಲೆಕ್ಕವಿತ್ತು. ಅಪ್ಪಯ್ಯನಿಗೆ ಇದ್ದುದು ಕರುಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದಾಗದು. ಆದರೂ ಫೂರ್ಮಾನರ ಮೇಲಿದ್ದ ಸಿಟ್ಟು ಆ ರೈಲಿನಲ್ಲೇ ಅರ್ಧ ಇಳಿಯಿತು.

ಮೂರನೆಯ ಶನಿವಾರ ಸಂಜೆ ಹಿರಿಯರು ಕೀಲಿ ತಿರುಗಿಸಿದರು. ಮೊದಲ ಒಂದೆರಡು ಕ್ಷಣ ಕಟಕಟ ಅಂದಿತು. ನನ್ನ ಎದೆಯೂ ಅಂದಿತು. ನಳಿಗೆಯಲ್ಲಿ ಎಣ್ಣೆ ಹೋಗಿ ತುಂಬಬೇಕಲ್ಲ, ಅಷ್ಟು ಹೊತ್ತು. ಆಮೇಲೆ ಫ್ಯಾನಿನ ಗಾಳಿಯ ಸದ್ದೊಂದೇ. ಹಿರಿಯರ ಹೆಂಡತಿ ಕಿಟಕಿಯಿಂದ ಕೈ ಬೀಸಿದರು. ಹಳೆಯ ಸದ್ದನ್ನು ಮಗ ಮೊದಲೇ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ, ಹೊಸದನ್ನೂ ಹಿಡಿದ. ಎರಡನ್ನೂ ತೀರ್ಥಹಳ್ಳಿಗೆ, ತಮ್ಮನ ಫೋನಿಗೆ ಕಳುಹಿಸಿದೆವು. ಅಪ್ಪಯ್ಯನಿಗೆ ಎಂಬತ್ತಾರು ವರ್ಷ. ಮಾತು ಸರಿಯಾಗಿ ಕೇಳಿಸುವುದಿಲ್ಲ. ತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿದನಂತೆ. ಮರುದಿನ ಬೆಳಗ್ಗೆ ಅವರೇ ಫೋನು ಮಾಡಿಸಿದರು.

"ಮೊದಲಿಂದು ಚೈನು. ಎರಡನೇದು ಚೊಕ್ಕ ಇದೆ. ಎಣ್ಣೆ ಎಲ್ಲಿಂದ ಕೊಟ್ಟರು?"

ನಾನು ಕೂಗಿ ಕೂಗಿ ಹೇಳಿದೆ, ಅಬ್ಬಿ ನೀರು, ದಂಬೆ ಎಂದೆಲ್ಲ. ಅರ್ಥವಾದಂತಿತ್ತು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಭಾನುವಾರವಾದ್ದರಿಂದ ಈ ಕಡೆಯೂ ಬೀದಿ ನಿಶ್ಶಬ್ದ.

"ಆ ಕಾರಿನವರು ಅದನ್ನು ನಿಲ್ಲಿಸಿ ಇಟ್ಟಿದ್ರಾ, ಅಥವಾ ಓಡಿಸ್ತಾನೇ ಇದ್ರಾ?" ಎಂದರು ಅಪ್ಪಯ್ಯ.

"ಮೂರು ವಾರ ಓಡಿಸಿದ್ದಾರೆ" ಎಂದೆ.

"ಅವತ್ತು ನಾನು ಕೀ ಇಸ್ಕೊಂಡು ಇಟ್ಕೋಬೇಕಿತ್ತು, ಮಗಾ" ಎಂದರು. ಯಾವತ್ತು ಎಂದು ನಾನು ಕೇಳಲಿಲ್ಲ.